ಡಿಸೆಂಬರಿನ ಪುನರ್ವಸು ಮಳೆ

ನಮ್ಮ ಮನೆಯಲ್ಲಿ ಪುನರ್ವಸು ಎಂದರೆ ನಕ್ಷತ್ರವಲ್ಲ, ಮಳೆ. ಮೃಗಶಿರ, ಆರಿದ್ರಾ, ಪುಷ್ಯ, ಆಶ್ಲೇಷ ಎಲ್ಲವೂ ಮಳೆಗಳೇ. ‘ಆರಿದ್ರಾ ಮಳೆ ಬಂದರೆ ದಾರಿದ್ರ್ಯವಿಲ್ಲ’ ಎಂದು ಅಜ್ಜಿ ಹೇಳುವಾಗ, ಆರಿದ್ರಾ ಎನ್ನುವುದು ಆಕಾಶದಲ್ಲಿ ಕೆಂಪಗೆ ಉರಿಯುವ ಒಂದು ಚುಕ್ಕಿಯ ಹೆಸರು ಎಂದು ಹೇಳುವ ಅವರಿಗೂ ಗೊತ್ತಿರಲಿಲ್ಲ, ಕೇಳುವ ನನಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಆ ಮಳೆಗಳು ಸುರಿಯುವ ದಿನಗಳಲ್ಲಿ ಸೋಮವಾರಪೇಟೆಯ ಕಡೆ ಆಕಾಶ ಎಂಬುದೇ ಇರುವುದಿಲ್ಲ. ಹಂಚಿನ ಮೇಲೆ ಬೂದು ಬಣ್ಣದ ಒಂದು ಕಂಬಳಿ, ಅದರಿಂದ ಹಗಲೂ ರಾತ್ರಿ ಇಳಿಯುವ ನೀರು, ಅಷ್ಟೆ.

ಅಪ್ಪನ ಹತ್ತಿರ ಒಂದು ಮಳೆ ಪುಸ್ತಕವಿದೆ. ಕಾಫಿ ತೋಟ ಇಟ್ಟುಕೊಂಡವರ ಮನೆಗಳಲ್ಲಿ ಇಂಥದ್ದು ಸಾಮಾನ್ಯ. ಕಣದ ಅಂಚಿನ ಕಂಬದ ಮೇಲೆ ಮಳೆ ಅಳೆಯುವ ಡಬ್ಬಿ, ಬೆಳಿಗ್ಗೆ ಎಂಟಕ್ಕೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ಕಣ್ಣ ಮಟ್ಟಕ್ಕೆ ಹಿಡಿದು ನೋಡುವುದು, ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ ಬರೆದಿಡುವುದು. ನೂರು ಸೆಂಟ್‌ಗೆ ಒಂದು ಇಂಚು. ದೇಶವೆಲ್ಲ ಮಿಲಿಮೀಟರಿಗೆ ಬದಲಾದರೂ ತೋಟಗಳು ಇನ್ನೂ ಇಂಚನ್ನು ಬಿಟ್ಟಿಲ್ಲ. ಪುಸ್ತಕದ ಎಡಗಡೆ ಮಳೆ ನಕ್ಷತ್ರದ ಹೆಸರು, ಬಲಗಡೆ ಅಂಕಿ. ಹಾಗಾಗಿ ನಾನು ಓದಿದ ಮೊದಲ ನಕ್ಷತ್ರಪಟ ಎಂದರೆ ಆ ಪುಸ್ತಕವೇ ಎನ್ನಬೇಕು. ಅದರಲ್ಲಿ ಎಲ್ಲ ನಕ್ಷತ್ರಗಳೂ ಒದ್ದೆಯಾಗಿದ್ದವು.

ಹೆಸರಿನ ಗುಟ್ಟು ತಿಳಿದದ್ದು ಬಹಳ ತಡವಾಗಿ. ಸೂರ್ಯ ಯಾವ ನಕ್ಷತ್ರದ ದಿಕ್ಕಿನಲ್ಲಿರುತ್ತಾನೋ ಆ ಹದಿಮೂರು ಹದಿನಾಲ್ಕು ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಜುಲೈ ಮೊದಲ ವಾರ ಸೂರ್ಯ ಪುನರ್ವಸುವಿಗೆ ಬರುತ್ತಾನೆ. ಅಂದರೆ ಪುನರ್ವಸು ಮಳೆ ಹೊಯ್ಯುವಾಗ ಪುನರ್ವಸು ನಕ್ಷತ್ರ ಹಗಲಿನಲ್ಲಿ ಸೂರ್ಯನ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ, ಮೋಡವಿಲ್ಲದಿದ್ದರೂ ಕಾಣುವುದಿಲ್ಲ. ಅದನ್ನು ರಾತ್ರಿಯಿಡೀ ನೋಡಬೇಕಾದರೆ ಆರು ತಿಂಗಳು ಕಾಯಬೇಕು. ಡಿಸೆಂಬರ್ ನಡುವಿನಲ್ಲಿ ಕತ್ತಲಾಗುವ ಹೊತ್ತಿಗೆ ರೋಹಿಣಿ ಪೂರ್ವದಲ್ಲಿ ಮೇಲೆದ್ದಿರುತ್ತದೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ದಿನ ಗೊತ್ತುಮಾಡುವಾಗ ನೋಡುವ ಅದೇ ರೋಹಿಣಿ. ಅದರ ಹಿಂದೆ ಮೃಗಶಿರ, ಆರಿದ್ರಾ, ಎಂಟು ಗಂಟೆಯ ಸುಮಾರಿಗೆ ಪುನರ್ವಸುವಿನ ಜೋಡಿ ಚುಕ್ಕಿಗಳು, ಆಮೇಲೆ ಪುಷ್ಯ, ಹತ್ತರೊಳಗೆ ಆಶ್ಲೇಷ. ಇಡೀ ಮುಂಗಾರು ಸಾಲುಗಟ್ಟಿ, ಒಂದು ಹನಿಯೂ ಇಲ್ಲದೆ, ತೋಟದ ಮೇಲೆ ಹುಟ್ಟಿ ಬರುತ್ತದೆ. ಇದನ್ನು ಮೊದಲ ಸಲ ಗುರುತಿಸಿದ ರಾತ್ರಿ ನಾನು ಅಪ್ಪನನ್ನು ಎಬ್ಬಿಸಿಕೊಂಡು ಬಂದು ತೋರಿಸಿದೆ. ‘ಓಹೋ’ ಎಂದು ಹೋಗಿ ಮಲಗಿದರು.

ಈ ಪುನರ್ವಸುವಿನ ಜೋಡಿಯಲ್ಲಿ ಒಂದರ ಹೆಸರು ಕ್ಯಾಸ್ಟರ್. ಪ್ರತಿವರ್ಷ ಡಿಸೆಂಬರ್ 13-14ರ ಆಸುಪಾಸಿನಲ್ಲಿ ಅದರ ಪಕ್ಕದಿಂದಲೇ ಉಲ್ಕೆಗಳು ಸಿಡಿದು ಬರುವಂತೆ ಕಾಣುತ್ತವೆ. ಮಿಥುನ ರಾಶಿಯ ಉಲ್ಕಾವೃಷ್ಟಿ, ಜೆಮಿನಿಡ್ಸ್ ಎಂದು ಪತ್ರಿಕೆಗಳಲ್ಲಿ ಬರುವುದು ಅದೇ. ನಾನು ಮಾತ್ರ ಪುನರ್ವಸು ಮಳೆ ಎಂದೇ ಕರೆಯುತ್ತೇನೆ. ಆಗಸ್ಟ್ 12-13ಕ್ಕೆ ಇನ್ನೊಂದು ದೊಡ್ಡ ಉಲ್ಕಾವೃಷ್ಟಿಯಿದೆ, ಪರ್ಸಿಡ್ಸ್. ಲೋಕವೆಲ್ಲ ಅದನ್ನು ಹೊಗಳುತ್ತದೆ. ನಮಗೆ ಅದು ಆಶ್ಲೇಷ ಮಳೆಯ ಹೊತ್ತು. ಇಷ್ಟು ವರ್ಷದಲ್ಲಿ ಅದರ ಒಂದು ಉಲ್ಕೆಯನ್ನೂ ನಾನು ನೋಡಿಲ್ಲ. ಗುಡ್ಡಗಳು ಜರಿದ 2018ರ ಆಗಸ್ಟಿನಲ್ಲಂತೂ ನಾವು ಮೇಲೆ ನೋಡುತ್ತಿರಲಿಲ್ಲ, ಬೆಟ್ಟಗಳ ಕಡೆ ನೋಡುತ್ತಿದ್ದೆವು.

ನನ್ನ ಹೊಟ್ಟೆಪಾಡು ಮದುವೆ ಫೋಟೋ. ಪೇಟೆಯಲ್ಲಿ ಒಂದು ಸಣ್ಣ ಸ್ಟುಡಿಯೋ ಇದೆ. ಕಲ್ಯಾಣಮಂಟಪದಲ್ಲಿ ನೂರು ಜನರನ್ನು ಒಂದೇ ಚಿತ್ರಕ್ಕೆ ತುರುಕಲು ಕೊಂಡ 14 ಮಿ.ಮೀ. ಲೆನ್ಸ್ ಆಕಾಶಕ್ಕೂ ಆಗುತ್ತದೆ ಎಂದು ಗೊತ್ತಾದ ಮೇಲೆ ಈ ಹುಚ್ಚು ಹಿಡಿಯಿತು. 2020ರ ಡಿಸೆಂಬರಿನಲ್ಲಿ ಅಮಾವಾಸ್ಯೆ ಸರಿಯಾಗಿ ಕೂಡಿಬಂದಿತ್ತು. ಇಪ್ಪತ್ತು ವರ್ಷ ಕ್ಯಾಮೆರಾ ಹಿಡಿದವನೆಂಬ ಜಂಬದಲ್ಲಿ ಲೆನ್ಸಿನ ಮೇಲೆ ಅನಂತದ ಗುರುತು ಎಲ್ಲಿದೆಯೋ ಅಲ್ಲಿಗೆ ತಿರುಗಿಸಿಟ್ಟು, ನಾಲ್ಕು ನೂರಕ್ಕೂ ಹೆಚ್ಚು ಚಿತ್ರ ತೆಗೆದೆ. ಬೆಳಿಗ್ಗೆ ಕಂಪ್ಯೂಟರಿನಲ್ಲಿ ನೋಡಿದರೆ ಪ್ರತಿ ನಕ್ಷತ್ರವೂ ಬೆಂದ ಸಬ್ಬಕ್ಕಿ ಕಾಳು. ಲೆನ್ಸಿನ ಗುರುತನ್ನು ನಂಬಬಾರದು. ಮಿನುಗುವ ಒಂದು ನಕ್ಷತ್ರವನ್ನು ಕ್ಯಾಮೆರಾದ ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ, ಅದು ಸಾಸಿವೆಗಿಂತ ಸಣ್ಣದಾಗುವವರೆಗೆ ಉಂಗುರವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ಅಲ್ಲಿಗೆ ಟೇಪ್ ಸುತ್ತಿಬಿಡಬೇಕು. ಇಷ್ಟು ಕಲಿಯಲು ನನಗೆ ಒಂದು ವರ್ಷ ಹೋಯಿತು. 2021 ಮತ್ತು 2022 ಎರಡರಲ್ಲೂ ಚಂದ್ರ ಅಡ್ಡ ಬಂದ. ಮದುವೆಯಲ್ಲಾದರೆ ಅಡ್ಡ ನಿಂತ ನೆಂಟರನ್ನು ‘ಸ್ವಲ್ಪ ಸರಿಯಿರಿ’ ಎನ್ನಬಹುದು.

ಹೀಗಾಗಿ 2023ರ ಡಿಸೆಂಬರ್ 14, ಗುರುವಾರ. ಅಮಾವಾಸ್ಯೆ ಕಳೆದು ಎರಡೇ ರಾತ್ರಿ. ಎಳೆಯ ಚಂದ್ರ ಎಂಟರೊಳಗೆ ಮುಳುಗಿದ. ಧನುರ್ಮಾಸ ಹಿಡಿಯುತ್ತಿದ್ದುದರಿಂದ ಮದುವೆ ಕೆಲಸವೂ ಇರಲಿಲ್ಲ.

ಎಲ್ಲಿ ನಿಲ್ಲುವುದು ಎನ್ನುವುದು ಕೊಡಗಿನಲ್ಲಿ ಸುಲಭದ ಪ್ರಶ್ನೆಯಲ್ಲ. ಕೋಟೆಬೆಟ್ಟದ ನೆತ್ತಿ ಎಂದರೆ ಸೊಗಸು, ಆದರೆ ರಾತ್ರಿ ಅಲ್ಲಿಗೆ ಹೋಗುವುದು ಬುದ್ಧಿವಂತಿಕೆಯಲ್ಲ. ಕಾಡಾನೆ ಯಾವ ತೋಟದಲ್ಲಿದೆ ಎಂಬ ಸುದ್ದಿ ಊರಿನ ವಾಟ್ಸ್‌ಆಪ್ ಗುಂಪಿನಲ್ಲಿ ದಿನವೂ ಬರುತ್ತದೆ. ಯಾವ ತೋಟದಲ್ಲಿಲ್ಲ ಎಂಬುದು ಬರುವುದಿಲ್ಲ. ತೋಟದೊಳಗೆ ನಿಂತರೆ ಸಿಲ್ವರ್ ಓಕ್ ಮತ್ತು ಕಾಡುಮರಗಳ ನೆರಳಿನಲ್ಲಿ ಆಕಾಶ ಜರಡಿಯ ತೂತುಗಳಷ್ಟೇ. ಉಳಿದದ್ದು ಮನೆಯ ಮುಂದಿನ ಕಾಫಿ ಕಣ. ನಾಲ್ಕೂ ಕಡೆ ಮರ, ನಡುವೆ ಚೌಕಾಕಾರದ ಸಿಮೆಂಟ್ ನೆಲ, ಅದರ ಮೇಲೆ ಚೌಕಾಕಾರದ ಆಕಾಶ. ಹಗಲಿನ ಬಿಸಿಲು ಕುಡಿದ ಸಿಮೆಂಟ್ ರಾತ್ರಿ ಹನ್ನೊಂದರವರೆಗೂ ಬೆನ್ನಿಗೆ ಹಿತವಾಗಿರುತ್ತದೆ. ಅರೇಬಿಕಾ ಕೊಯ್ಲಿನ ಸಮಯ. ಒಣಗುತ್ತಿದ್ದ ಪಾರ್ಚ್‌ಮೆಂಟನ್ನು, ಅಂದರೆ ಹಣ್ಣಿನ ಸಿಪ್ಪೆ ಸುಲಿದ ಕಾಫಿ ಬೀಜವನ್ನು, ಸಂಜೆಯೇ ರಾಶಿ ಮಾಡಿ ನೀಲಿ ಟಾರ್ಪಾಲಿನ್ ಹೊದಿಸಿದ್ದರು. ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಕಡೆಯಿಂದ ಸಿಪ್ಪೆ ಹುಳಿಯುವ ವಾಸನೆ. ಈ ವಾಸನೆ ಬಂದರೆ ಈಗ ನನಗೆ ಉಲ್ಕೆ ನೆನಪಾಗುತ್ತದೆ.

ತೋಟದ ಕಾರ್ಮಿಕರ ಲೈನ್ ಮನೆಗಳವರು ಕೇಳಿದ ತಕ್ಷಣ ಹೊರಗಿನ ಬಲ್ಬ್ ಆರಿಸಿದರು. ಎದುರು ಗುಡ್ಡದ ಹೋಂಸ್ಟೇಯೊಂದರಲ್ಲಿ ಮಾತ್ರ ಹಸಿರು ಲೇಸರ್ ದೀಪ ಮರಗಳ ಮೇಲೆ ಕುಣಿಯುತ್ತಿತ್ತು. ಫೋನ್ ಮಾಡಿ, ‘ಇವತ್ತು ಆಕಾಶದಲ್ಲೇ ದೀಪ ಇದೆ, ನಿಮ್ಮ ಅತಿಥಿಗಳಿಗೂ ಅದನ್ನೇ ತೋರಿಸಿ’ ಎಂದೆ. ಹನ್ನೊಂದಕ್ಕೆ ಆರಿತು. ತೋರಿಸಿದರೋ ಇಲ್ಲವೋ, ಹಾಡು ಮುಂದುವರಿಯಿತು.

ಕ್ಯಾಮೆರಾವನ್ನು ದಕ್ಷಿಣಕ್ಕೆ, ಉದ್ದುದ್ದ ನಿಲ್ಲಿಸಿದೆ. ಕೆಳಗೆ ಕಣ ಮತ್ತು ರಾಶಿ, ಮೇಲೆ ಓಕ್ ಮರಗಳ ತುದಿ, ಅದರ ಮೇಲೆ ಅಗಸ್ತ್ಯ ನಕ್ಷತ್ರ, ಇನ್ನೂ ಮೇಲೆ ಲುಬ್ಧಕ ನಕ್ಷತ್ರ, ಮಹಾವ್ಯಾಧ ನಕ್ಷತ್ರಪುಂಜ. ಪುನರ್ವಸು ಇರುವ ಕಡೆಗೇ ಏಕೆ ತಿರುಗಿಸಲಿಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ಕಾಣುವ ಉಲ್ಕೆಗಳು ನಮ್ಮೆಡೆಗೇ ಬರುವುದರಿಂದ ಗೀಟು ಗಿಡ್ಡ; ದೂರ ಸರಿದಷ್ಟೂ ಗೀಟು ಉದ್ದ. ಅಗಸ್ತ್ಯನನ್ನು ಚೌಕಟ್ಟಿನೊಳಗೆ ಸೇರಿಸಿದ್ದು ಮಾತ್ರ ನನ್ನ ಆಸೆಗೆ. ಕಾವೇರಿಯನ್ನು ಕಮಂಡಲದಲ್ಲಿ ಹಿಡಿದಿಟ್ಟವನು ಚಳಿಗಾಲದ ರಾತ್ರಿ ನಮ್ಮ ತೋಟದ ಮೇಲೆ ನಿಂತು, ಬೆಳಗಿನ ಜಾವಕ್ಕೆ ತಲಕಾವೇರಿಯ ಕಡೆ ವಾಲುತ್ತಾನೆ ಎಂದರೆ ಬಿಡುವುದು ಹೇಗೆ?

ಪ್ರತಿ ಚಿತ್ರಕ್ಕೆ ಇಪ್ಪತ್ತು ಸೆಕೆಂಡ್, ಲೆನ್ಸಿನ ಬಾಯಿ ಅಂದರೆ ಅಪರ್ಚರ್ 2.8, ಬೆಳಕು ಹಿಡಿಯುವ ಚುರುಕು ಅಂದರೆ ಐಎಸ್‌ಒ 3200. ಹೆಚ್ಚು ಹೊತ್ತು ತೆರೆದಿಟ್ಟರೆ ಉಲ್ಕೆ ಚೆನ್ನಾಗಿ ಬರುತ್ತದೆ ಎಂಬ ಭ್ರಮೆ ನನಗೂ ಇತ್ತು. ಉಲ್ಕೆ ಇರುವುದೇ ಅರೆಕ್ಷಣ. ಅದು ಬರೆದುಹೋದ ಗೆರೆಯ ಹೊಳಪು ಲೆನ್ಸಿನ ಬಾಯಿ ಎಷ್ಟು ಅಗಲ ಎಂಬುದರ ಮೇಲಿದೆ, ನೀವು ಎಷ್ಟು ಹೊತ್ತು ಕಾದಿರಿ ಎಂಬುದರ ಮೇಲಲ್ಲ. ಕಾದಷ್ಟೂ ಬೆಳ್ಳಗಾಗುವುದು ಹಿಂದಿನ ಆಕಾಶ, ಉದ್ದವಾಗುವುದು ನಕ್ಷತ್ರ. ಇನ್ನೊಂದು ಮಾತು: ದೀರ್ಘ ಚಿತ್ರಗಳ ಕಾಳು (ನಾಯ್ಸ್) ತೆಗೆಯುವ ಸೌಲಭ್ಯವನ್ನು ಕ್ಯಾಮೆರಾದಲ್ಲಿ ಆಫ್ ಮಾಡಿಡಿ. ಇಲ್ಲವಾದರೆ ಇಪ್ಪತ್ತು ಸೆಕೆಂಡ್ ತೆಗೆದು ಇನ್ನಿಪ್ಪತ್ತು ಸೆಕೆಂಡ್ ಕಣ್ಣು ಮುಚ್ಚಿ ಕೂರುತ್ತದೆ.

ಎಣಿಸುವ ಹೊಣೆ ಅಕ್ಕನ ಮಗನದು. ಆರನೇ ತರಗತಿ, ಮಂಕಿ ಟೋಪಿ, ಎರಡು ಕಂಬಳಿ. ಮೊಬೈಲಿನಲ್ಲಿ ಬರೆದುಕೊಳ್ಳುವಂತಿಲ್ಲ, ಕತ್ತಲಿಗೆ ಹೊಂದಿಕೊಂಡ ಕಣ್ಣು ಹಾಳಾದರೆ ಮತ್ತೆ ಅರ್ಧ ಗಂಟೆ ಬೇಕು. ಅದಕ್ಕೆ ನಾನು ಮಾಡಿದ ಏರ್ಪಾಡು ಆರು ಸ್ಟೀಲ್ ಲೋಟ ಮತ್ತು ರಾಶಿಯಿಂದ ತೆಗೆದ ಒಂದು ಬೊಗಸೆ ಪಾರ್ಚ್‌ಮೆಂಟ್. ಒಂದು ಉಲ್ಕೆಗೆ ಒಂದು ಬೀಜ, ಒಂದು ಗಂಟೆಗೆ ಒಂದು ಲೋಟ. ಆರನೆಯದು ಹೊರಗಿನವರಿಗೆ. ಬಿದ್ದ ಗೆರೆಯನ್ನು ಹಿಂದಕ್ಕೆ ಎಳೆದರೆ ಪುನರ್ವಸುವಿಗೆ ಮುಟ್ಟಬೇಕು. ಮುಟ್ಟದಿದ್ದರೆ ಅದು ಈ ಮಳೆಯದಲ್ಲ, ಯಾವ ರಾತ್ರಿಯಾದರೂ ಬೀಳುವ ಬಿಡಿ ಉಲ್ಕೆ. ಹುಡುಗ ಇದನ್ನು ಹತ್ತೇ ನಿಮಿಷದಲ್ಲಿ ಕಲಿತ. ‘ಮಾವ, ಇದು ಉಲ್ಟಾ ಬಂತು, ಹೊರಗಿನವನು’ ಎಂದು ತೀರ್ಪು ಕೊಡುತ್ತಿದ್ದ. ಮೆಲ್ಲಗೆ ಹೋಗುವುದು ಉಪಗ್ರಹ, ಮಿಣುಕುತ್ತಾ ಹೋಗುವುದು ವಿಮಾನ. ಕಣ್ಣೂರಿನಲ್ಲಿ 2018ರಲ್ಲಿ ವಿಮಾನ ನಿಲ್ದಾಣ ಆದ ಮೇಲೆ ನಮ್ಮ ಆಕಾಶದಲ್ಲೂ ಸಂಚಾರ ಹೆಚ್ಚಿದೆ.

ಟಿಣ್. ಸ್ವಲ್ಪ ಹೊತ್ತು ಏನೂ ಇಲ್ಲ. ಟಿಣ್, ಟಿಣ್. ಮತ್ತೆ ಐದು ನಿಮಿಷ ಏನೂ ಇಲ್ಲ. ಗಂಟೆಗೆ ನೂರೈವತ್ತು ಎಂದು ಪತ್ರಿಕೆಯಲ್ಲಿ ಓದಿ, ದೀಪಾವಳಿಯ ಹೂಕುಂಡದಂತೆ ಸುರಿಯುತ್ತದೆ ಎಂದು ಬಂದವರು ಈ ಐದು ನಿಮಿಷದಲ್ಲೇ ಎದ್ದು ಹೋಗುವುದು. ಆ ಅಂಕಿ ಕಡುಗತ್ತಲಿಗೆ, ಇಡೀ ಆಕಾಶ ತೆರೆದಿರುವಾಗ, ಉಲ್ಕೆಗಳ ಮೂಲ ನೆತ್ತಿಯ ಮೇಲಿರುವಾಗ ಹೇಳಿದ್ದು. ನಮ್ಮ ಚೌಕದ ಆಕಾಶಕ್ಕೆ ಅರ್ಧ ಸಿಕ್ಕರೂ ಲಾಭ. ಪುನರ್ವಸು ನಮ್ಮಲ್ಲಿ ನೆತ್ತಿಯ ಸಮೀಪ, ತುಸು ಉತ್ತರಕ್ಕೆ ಬರುವುದು ರಾತ್ರಿ ಎರಡೂವರೆ ಸುಮಾರಿಗೆ.

ಬೀಳುವುದು ನಕ್ಷತ್ರವಲ್ಲ, ಮರಳಿನ ಹರಳಿನಷ್ಟರಿಂದ ಹಿಡಿದು ಪುಟ್ಟ ಬೆಣಚುಕಲ್ಲಿನಷ್ಟರ ತನಕದ ಚೂರುಗಳು ಎಂದು ಹುಡುಗನಿಗೆ ಹೇಳಿದೆ. ಹೆಚ್ಚಿನ ಉಲ್ಕಾವೃಷ್ಟಿಗಳು ಧೂಮಕೇತು ಬಿಟ್ಟುಹೋದ ದೂಳು. ಇದರ ತಾಯಿ ಮಾತ್ರ ಕ್ಷುದ್ರಗ್ರಹ: ಫೇಥಾನ್, 1983ರಲ್ಲಿ ಒಂದು ಉಪಗ್ರಹ ಪತ್ತೆಹಚ್ಚಿದ್ದು. ಸುಮಾರು ಒಂದೂವರೆ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆ, ಬುಧನಿಗಿಂತಲೂ ಒಳಗೆ ನುಗ್ಗಿ ಬರುತ್ತದೆ. ಗ್ರೀಕರ ಕಥೆಯಲ್ಲಿ ಫೇಥಾನ್ ಸೂರ್ಯನ ಮಗ; ಅಪ್ಪನ ರಥ ಓಡಿಸುತ್ತೇನೆಂದು ಹಠ ಹಿಡಿದು ಹತೋಟಿ ತಪ್ಪಿಸಿಕೊಂಡವನು. ‘ಲೈಸೆನ್ಸ್ ಇರಲಿಲ್ಲವೇ?’ ಎಂದ. ಆ ಚೂರುಗಳ ವೇಗ ಸೆಕೆಂಡಿಗೆ 35 ಕಿಲೋಮೀಟರ್. ಸೋಮವಾರಪೇಟೆಯಿಂದ ಮಡಿಕೇರಿಗೆ ಒಂದು ಸೆಕೆಂಡು ಚಿಲ್ಲರೆ, ಮಾದಾಪುರದ ತಿರುವುಗಳೂ ಸೇರಿ. ಹನ್ನೆರಡೂವರೆಗೆ ಅವನು ಬೀಜ ಹಿಡಿದ ಮುಷ್ಟಿ ಬಿಚ್ಚದೆಯೇ ನಿದ್ದೆ ಹೋದ, ಎಣಿಕೆ ನನ್ನ ಪಾಲಿಗೆ ಬಂತು.

ಒಂದು ಗಂಟೆಗೆ ಲೆನ್ಸ್ ನೋಡಿದರೆ ಬೆವರಿತ್ತು. ಕೊಡಗಿನ ಇಬ್ಬನಿ ಎಂದರೆ ತಮಾಷೆಯಲ್ಲ. ಟಾರ್ಪಾಲಿನ್ ಮೇಲೆ ಕೈಯಾಡಿಸಿದರೆ ಅಂಗೈ ತುಂಬ ನೀರು. ಒರೆಸಿದರೆ ಎರಡು ನಿಮಿಷಕ್ಕೆ ಮತ್ತೆ ಮಂಜು. ಲೆನ್ಸನ್ನು ಸುತ್ತಲಿನ ಗಾಳಿಗಿಂತ ತುಸು ಬೆಚ್ಚಗಿಡಬೇಕು, ಅದೊಂದೇ ದಾರಿ. ಅದಕ್ಕೆಂದೇ ಮಾರುವ ಬಿಸಿಪಟ್ಟಿ ನನ್ನಲ್ಲಿರಲಿಲ್ಲ. ಬೆಲ್ಲದ ಕಾಫಿ ಕೊಡಲು ಬಂದ ಅಮ್ಮ ವಿಷಯ ಕೇಳಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಬಟ್ಟೆಯ ಗಂಟು: ಹುರಿದ ಕಲ್ಲುಪ್ಪು. ಸೊಂಟ ಉಳುಕಿದರೆ ಶಾಖ ಕೊಡುವುದು ಅದರಲ್ಲೇ ತಾನೇ. ಉಪ್ಪು ಲೆನ್ಸಿಗೆ ತಾಗಿದರೆ ನನ್ನ ಒಂದು ಸೀಸನ್ನಿನ ದುಡಿಮೆ ಹೋಗುತ್ತದೆ ಎಂದು ಬೇಡಿಕೊಂಡ ಮೇಲೆ ಉಪ್ಪಿನ ಬದಲು ಅಕ್ಕಿ ಹುರಿದರು. ನನ್ನದೇ ಉಲ್ಲನ್ ಕಾಲುಚೀಲಕ್ಕೆ ಬಿಸಿ ಅಕ್ಕಿ ತುಂಬಿ, ಗಂಟು ಹಾಕಿ, ಲೆನ್ಸಿನ ಕೊರಳಿಗೆ ಹೆಂಗಸರು ಮಗುವಿಗೆ ಮಫ್ಲರ್ ಸುತ್ತುವ ಹಾಗೆ ಸುತ್ತಿದರು. ಐದು ನಿಮಿಷದಲ್ಲಿ ಗಾಜು ತಿಳಿಯಾಯಿತು. ಅರ್ಧ ಗಂಟೆ ಶಾಖ ಇರುತ್ತದೆ, ಆರಿದರೆ ಮತ್ತೆ ಹುರಿಯಬೇಕು. ಎರಡು ಕಾಲುಚೀಲಗಳು ಸರದಿಯ ಮೇಲೆ ಒಲೆಗೂ ಕಣಕ್ಕೂ ಓಡಾಡಿದವು. ಕ್ಯಾಮೆರಾದಿಂದ ಹುರಿದಕ್ಕಿಯ ವಾಸನೆ ಆಮೇಲೆ ಒಂದು ವಾರ ಹೋಗಲಿಲ್ಲ.

ಆ ರಾತ್ರಿಯ ಚಿತ್ರ ಬಂದದ್ದು 1 ಗಂಟೆ 43 ನಿಮಿಷಕ್ಕೆ. ನಾನು ಬೆನ್ನಡಿಯಾಗಿ ಮಲಗಿದ್ದೆ. ಕ್ಯಾಮೆರಾ ಇನ್ನೊಂದು ಚಿತ್ರ ಶುರುಮಾಡಿದ ಕ್ಲಿಕ್ ಕೇಳಿತು, ಅದರ ಹಿಂದೆಯೇ ಮನೆಯ ಬಾಗಿಲು. ಅಪ್ಪ ಟಾರ್ಚ್ ಹಿಡಿದು ನೇರ ಕಣಕ್ಕೆ ಇಳಿದರು. ರಾಶಿಯ ಟಾರ್ಪಾಲಿನ್ ಗಾಳಿಗೆ ಎದ್ದಿದೆಯೇ ಎಂದು ನೋಡಲು. ‘ಅಪ್ಪಾ, ಟಾರ್ಚ್ ಆರಿಸಿ!’ ಎಂದು ಕೂಗುವುದಕ್ಕೂ ಮಹಾವ್ಯಾಧನ ಎಡಗಡೆಯಿಂದ ಒಂದು ಉಲ್ಕೆ ಹೊರಟು, ಲುಬ್ಧಕನನ್ನು ದಾಟಿ, ಹಿಗ್ಗುತ್ತಾ ಹಿಗ್ಗುತ್ತಾ ಅಗಸ್ತ್ಯನ ಪಕ್ಕ ಹೋಗಿ ಆರುವುದಕ್ಕೂ ಸರಿಹೋಯಿತು. ಒಂದು ಕ್ಷಣ ಕಣದ ಮೇಲೆ ಓಕ್ ಮರಗಳ ನೆರಳು ಬಿದ್ದ ಹಾಗೆ ಕಂಡಿತು. ಅಪ್ಪ ನೋಡಲಿಲ್ಲ, ಅವರು ಟಾರ್ಪಾಲಿನ್ ಮೂಲೆಗೆ ಕಲ್ಲು ಇಡುತ್ತಿದ್ದರು. ‘ಆನೆ ಬಂದರೆ ಟಾರ್ಚ್ ಇಲ್ಲದೆ ಏನು ಮಾಡುತ್ತೀ?’ ಎಂದು ಗದರಿಸಿದರು. ಆ ಮಾತಿಗೆ ಉತ್ತರವಿರಲಿಲ್ಲ. ಪಶ್ಚಿಮದ ಮರಗಳ ಮೇಲೆ ಸಣ್ಣದೊಂದು ಬಿದ್ದಾಗ ಮಾತ್ರ ನೋಡಿ, ‘ಪಕ್ಕದ ತೋಟದಲ್ಲೇ ಬಿತ್ತಲ್ಲ’ ಎಂದರು. ಅವು ಉರಿಯುವುದು ನೂರು ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲಿ. ಅಷ್ಟು ತಗ್ಗಿನಲ್ಲಿ ಕಂಡದ್ದು ಘಟ್ಟ, ಮಂಗಳೂರು ಎಲ್ಲ ದಾಟಿ ಅರಬ್ಬಿ ಸಮುದ್ರದ ಮೇಲಿನದು ಎಂದೆ. ನಂಬಿದಂತೆ ಕಾಣಲಿಲ್ಲ.

ಮೂರಕ್ಕೆ ಹೊಳೆಯ ಕಡೆಯಿಂದ ಮಂಜು ಏರತೊಡಗಿತು. ಮೊದಲು ಮರಗಳ ಬುಡ, ಆಮೇಲೆ ಅಗಸ್ತ್ಯ, ಆಮೇಲೆ ಎಲ್ಲ. ಹುಡುಗನನ್ನು ಹೊತ್ತು ಒಳಗೆ ತಂದೆ.

ಎಂಟು ನೂರಕ್ಕೂ ಮಿಕ್ಕ ಚಿತ್ರಗಳಲ್ಲಿ ಉಲ್ಕೆ ಸಿಕ್ಕಿದ್ದು ಇಪ್ಪತ್ತೊಂಬತ್ತರಲ್ಲಿ. ಈ ಇಪ್ಪತ್ತೊಂಬತ್ತನ್ನೂ ಒಂದೇ ಆಕಾಶದ ಮೇಲೆ ಪೇರಿಸಿ, ಮಳೆ ಸುರಿದಂತೆ ಮಾಡಬಹುದು. ಎಲ್ಲರೂ ಮಾಡುತ್ತಾರೆ. ನಕ್ಷತ್ರಗಳಿಗೆ ಸರಿಯಾಗಿ ಹೊಂದಿಸಿದರೆ ಗೆರೆಗಳೆಲ್ಲ ಒಂದೇ ಕಡೆಯಿಂದ ಹೊರಟದ್ದು ಕಾಣುತ್ತದೆ, ತಿಳಿವಳಿಕೆಗೆ ಒಳ್ಳೆಯದೇ. ಆದರೆ ಐದು ಗಂಟೆಯದನ್ನು ಒಂದು ಕ್ಷಣವೆಂದು ದಾಟಿಸುವುದು ನನಗೆ ಒಗ್ಗುವುದಿಲ್ಲ. ಮದುವೆಗೆ ಬಾರದ ಸೋದರಮಾವನನ್ನು ಗುಂಪು ಚಿತ್ರದಲ್ಲಿ ಸೇರಿಸಿಕೊಡಿ ಎನ್ನುವವರಿದ್ದಾರೆ. ದುಡ್ಡಿಗೆ ಸೇರಿಸಿಕೊಟ್ಟಿದ್ದೇನೆ ಕೂಡ. ಉಲ್ಕೆಗೆ ಅದನ್ನು ಮಾಡಲಿಲ್ಲ.

ನಾನು ಅಚ್ಚು ಹಾಕಿಸಿದ್ದು 1.43ರದ್ದನ್ನು. ಕಣ್ಣಿಗೆ ಬೆಳ್ಳಗೆ ಕಂಡ ಉಲ್ಕೆ ಚಿತ್ರದಲ್ಲಿ ತುದಿಯ ಕಡೆ ಹಸಿರು. ಕೆಳಗೆ, ರಾಶಿಯ ಸುತ್ತ ಹಳದಿ ಬೆಳಕಿನ ಒಂದು ಸೊಟ್ಟ ಗೆರೆ: ಅಪ್ಪನ ಟಾರ್ಚ್ ನಡೆದ ದಾರಿ. ಅಪ್ಪ ಇಲ್ಲ. ಇಪ್ಪತ್ತು ಸೆಕೆಂಡ್ ಎಲ್ಲೂ ನಿಲ್ಲದವರು ಚಿತ್ರದಲ್ಲಿ ಉಳಿಯುವುದಿಲ್ಲ. ಕಲ್ಲು ಇಡಲು ಬಗ್ಗಿದ ಕಡೆ ಮಾತ್ರ ಒಂದು ಮೊಣಕೈ, ಬಿಳಿ ಪಂಚೆಯ ಅಂಚು. ಬೆಳಿಗ್ಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ‘ಇಲ್ಲಿ ನೋಡು, ಈ ಮೂಲೆ ಎದ್ದಿತ್ತು. ನಾನು ಹೇಳಲಿಲ್ಲವೇ?’ ಎಂದರು.

ಅಷ್ಟರಲ್ಲಿ ಎಂಟಾಯಿತು. ಮಳೆ ಪುಸ್ತಕ ತೆಗೆದು ಕಣಕ್ಕೆ ಬಂದರು. ಹುಡುಗ ಎದ್ದು ಜಗಲಿಯಲ್ಲಿ ಲೋಟಗಳನ್ನು ಸಾಲಾಗಿ ಇಟ್ಟುಕೊಂಡು ಬೀಜ ಎಣಿಸುತ್ತಿದ್ದ. ಇಪ್ಪತ್ತನಾಲ್ಕು, ಮೂವತ್ತೇಳು, ನಲವತ್ತಾರು, ಐವತ್ತೆಂಟು, ನಲವತ್ತೊಂದು. ಹೊರಗಿನವರು ಹತ್ತೊಂಬತ್ತು.

‘ಒಟ್ಟು ಎಷ್ಟು ಬಿತ್ತು?’ ಎಂದರು ಅಪ್ಪ, ಮಳೆಯ ಬಗ್ಗೆ ಕೇಳುವ ದನಿಯಲ್ಲೇ.

‘ಇನ್ನೂರ ಆರು ತಾತ, ಹೊರಗಿನವರನ್ನು ಬಿಟ್ಟು.’

‘ಎರಡು ಇಂಚು ಆರು ಸೆಂಟ್. ಡಿಸೆಂಬರಿಗೆ ಜಾಸ್ತಿಯಾಯಿತು’ ಎಂದು ಪೆನ್ನಿನ ಮುಚ್ಚಳ ತೆಗೆದರು. ಪುಸ್ತಕದಲ್ಲಿ ಮಾತ್ರ ಆ ದಿನಕ್ಕೆ ‘ಇಲ್ಲ’ ಎಂದೇ ಬರೆದರು. ಆಮೇಲೆ ಟಾರ್ಪಾಲಿನ್ ಎಳೆದು ಮಡಚಿ, ಐದೂ ಲೋಟದ ಬೀಜಗಳನ್ನು ಒಂದೊಂದಾಗಿ ರಾಶಿಗೆ ಸುರಿದರು. ಹೊರಗಿನವರ ಲೋಟವನ್ನೂ ಸುರಿದು, ಹಲಗೆಯಿಂದ ರಾಶಿ ಹರಡತೊಡಗಿದರು.